ಎರಡು ಮೊಣಕಾಲಿಗೆ ಎರಡು ಬಾಯ್ಲರ್

೧೪ ಜೂನ್ ೨೦೨೫, ಶನಿವಾರ, ಹುಕ್ಕೇರಿ

ಹೊಸ ಪುಸ್ತಕದ ಮೊದಲ ಪುಟವನ್ನೇ ಸುಳ್ಳಿನಿಂದ ಶುರು ಮಾಡಬೇಕಾಗಿದೆ. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವಳ ಬಾಯಲ್ಲಿ ಬರಬಾರದಂಥ ಸುಳ್ಳು.

ಆದದ್ದು ಇಷ್ಟು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಕಾಫಿ ಯಂತ್ರಗಳನ್ನು ನೋಡುತ್ತಿದ್ದೆ. ಇದು ಏಪ್ರಿಲ್‌ನಿಂದ ಹಿಡಿದ ಹುಚ್ಚು. ಪ್ರತಿವರ್ಷ ಪೇಪರ್ ತಿದ್ದಲು ಬೆಳಗಾವಿಗೆ ಹೋದಾಗ ಮೌಲ್ಯಮಾಪನ ಕೇಂದ್ರದ ಎದುರಿನ ಅಂಗಡಿಯಲ್ಲಿ ಸಂಜೆ ಒಂದು ಕಾಫಿ ಕುಡಿಯುತ್ತೇನೆ. ಕೆಳಗೆ ಕಪ್ಪನೆಯ ಗಟ್ಟಿ ಎಸ್ಪ್ರೆಸೊ, ಮೇಲೆ ನೊರೆಹಾಲು. ಅಲ್ಲಿಯ ಹುಡುಗಿ ಕಪ್ಪನ್ನು ತಂದು ನನ್ನ ಮುಂದಿಟ್ಟು 'ತಗೋರಿ ಮೇಡಂ' ಎನ್ನುತ್ತಾಳೆ. ಈ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು, ಎಷ್ಟು ಜನರ ಮುಂದೆ ಚಹಾ ಇಟ್ಟಿದ್ದೇನೋ ಶಿವನೇ ಬಲ್ಲ. ನನ್ನ ಮುಂದೆ ಯಾರಾದರೂ ತಂದಿಡುವ ಜಾಗ ಅದೊಂದೇ. ಅಂಥದೊಂದು ಕಪ್ ಕಾಫಿ ಮನೆಯಲ್ಲೇ ಸಿಕ್ಕರೆ ಎಂದು ಆಸೆಯಾಯಿತು. ನಲವತ್ತಾರರ ವಯಸ್ಸಿಗೆ ಇದೊಂದು ಆಸೆ.

ಆದರೆ ನಮ್ಮ ಮನೆಯಲ್ಲಿ ಈಗ ಹೊಸದೇನೂ ಹೊಸ್ತಿಲು ದಾಟುವಂತಿಲ್ಲ. ಕಳೆದ ನವೆಂಬರ್‌ನಲ್ಲಿ ಮಾವ ಸೋಮಪ್ಪನವರು ಲಿಂಗೈಕ್ಯರಾದರು. ವರ್ಷ ತುಂಬುವವರೆಗೆ ಹೊಸ ಸೀರೆ ಇಲ್ಲ, ಹೊಸ ಪಾತ್ರೆ ಇಲ್ಲ, ಹಬ್ಬದ ಸಿಹಿ ಇಲ್ಲ. ಸೂತಕವೇ ಇಲ್ಲವೆಂದು ನಮ್ಮ ಶರಣರು ಹೇಳಿ ಎಂಟುನೂರು ವರ್ಷವಾಯಿತು. ನಮ್ಮ ಓಣಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಯುಗಾದಿ ಹೊತ್ತಿಗೆ ಮಿಕ್ಸರ್ ಕೆಟ್ಟಿತು. ಹೊಸದು ತರುವಂತಿಲ್ಲವೆಂದು ಇಂದಿಗೂ ಚಟ್ನಿ ಪಕ್ಕದ ಮನೆಯ ಯಲ್ಲಕ್ಕನ ಮಿಕ್ಸರಿನಲ್ಲಿ ಆಗುತ್ತದೆ. ಇದೆಲ್ಲ ಡಿ.ಸಿ. ಮೇಡಂ ಆದೇಶ. ಡಿ.ಸಿ. ಎಂದರೆ ನನ್ನ ಅತ್ತೆ ಶಿವಗಂಗವ್ವ. ಆ ಹೆಸರು ನಾನಿಟ್ಟದ್ದು, ಈ ಪುಸ್ತಕದ ಹೊರಗೆ ಹೋಗುವುದಿಲ್ಲ.

ಮೊಬೈಲಿನಲ್ಲಿ ಯಂತ್ರದ ಕೊಳವೆಯಿಂದ ಉಗಿ ಬುಸ್ಸೆಂದು ಹೊರಟಿತ್ತು. ಡಿ.ಸಿ. ಮೇಡಂ ಯಾವಾಗ ಬಂದು ನನ್ನ ಹೆಗಲ ಹಿಂದೆ ನಿಂತರೋ ತಿಳಿಯಲಿಲ್ಲ.

"ಏನದು, ಬುಸಬುಸ ಉಗಿ ಬಿಡಾಕತ್ತೈತಿ?"

ಕಾಫಿಯದು ಎನ್ನಬಹುದಿತ್ತು. ನೋಡುವುದಕ್ಕೇನು ಅಡ್ಡಿ? ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ತಿರುಗಿದರೆ ಅವರು ನೋಯುವ ಮೊಣಕಾಲು ಹಿಡಿದುಕೊಂಡು ನಿಂತಿದ್ದರು, ಬಾಯಿ ತಾನೇ ಹೇಳಿತು: "ಮೊಣಕಾಲಿಗೆ ಶಾಖಾ ಕೊಡೂ ಮಶೀನ್ ರಿ ಅತ್ತಿ. ನಿಮಗ ಆಗತೈತೇನು ಅಂತ ನೋಡಾಕತ್ತಿದ್ದೆ."

ಅವರು ಕೋಣೆಗೆ ಹೋಗಿ ಮಲಗಿದರು.

೧೫ ಜೂನ್, ಭಾನುವಾರ

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲ ಗೋಡೆಯ ಹತ್ತಿರ ಡಿ.ಸಿ. ಮೇಡಂ ಯಲ್ಲಕ್ಕನ ಜೊತೆ ಮಾತಾಡುವುದು ಕೇಳಿಸಿತು.

"ನಮ್ಮ ಸೊಸಿ ನನ್ನ ಮೊಣಕಾಲಿಗಂತ ಮಶೀನ್ ತರಸಾಕತ್ತಾಳ. ನಾ ಕೇಳಿಲ್ಲ, ಬೇಡಿಲ್ಲ. ತಾನಽ ಹುಡುಕಾಕತ್ತಾಳ ನೋಡ ಯಲ್ಲಕ್ಕ."

ದನಿ ಒದ್ದೆಯಾಗಿತ್ತು. ಇಪ್ಪತ್ತು ವರ್ಷದಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಬೇಕಾದಾಗ 'ಇಲ್ಲಿ ಕೇಳು' ಎಂಬಂತೆ 'ಕೇಳಿಲ್ಲೆ' ಎನ್ನುತ್ತಾರೆ, ಅಷ್ಟೇ.

ಹಿಟ್ಟಿನ ಕೈಯಲ್ಲೇ ಹೊರಗೆ ಹೋಗಿ 'ಅಲ್ರಿ ಅತ್ತಿ, ಚೇಷ್ಟಿ ಮಾಡಿದ್ದೆ' ಎಂದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

೧೮ ಜೂನ್, ಬುಧವಾರ

ಡಿ.ಸಿ. ಆದೇಶ ಹೊರಬಿದ್ದಿದೆ. ಔಷಧಿ ಸಾಮಾನಿಗೆ ವರ್ಷದ ಅಡ್ಡಿ ಇಲ್ಲವಂತೆ. ಮಾವನವರಿಗೆ ಆಮ್ಲಜನಕದ ಯಂತ್ರ ಅಮಾವಾಸ್ಯೆಯ ದಿನವೇ ತಂದಿರಲಿಲ್ಲವೇ? ಹಾಗೆಯೇ ಇದೂ. 'ತರಸು' ಎಂದರು.

ನನ್ನ ಯಜಮಾನರು ಮಲ್ಲೇಶ ಅವರಿಗೆ ಎಲ್ಲ ಹೇಳಿದೆ. ಯಮಕನಮರಡಿಯಲ್ಲಿ ಹೆದ್ದಾರಿ ಮೇಲೆ ಟೈರ್ ಅಂಗಡಿ ಇಟ್ಟಿರುವ ಅವರಿಗೆ ಲಾರಿಯವರ ಸುಳ್ಳು ಕೇಳಿ ಕೇಳಿ ರೂಢಿಯಾಗಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ನಿಮ್ಮೊಳಗೆ ನೋಡಿಕೊಳ್ಳಿ, ನನ್ನನ್ನು ನಡುವೆ ಎಳೆಯಬೇಡಿ ಎಂದರು. ನನಗೆ ನಗು ಬರಲಿಲ್ಲ.

ಆದರೂ ಸಂಜೆ ಮತ್ತೆ ಮೊಬೈಲ್ ತೆಗೆದೆ. ಈಗ ನೋಡಲು ಪರವಾನಗಿ ಇದೆಯಲ್ಲ. ನಾನು ಎಂಥವಳೆಂದು ನನಗೇ ತಿಳಿಯುತ್ತಿಲ್ಲ.

೨೨ ಜೂನ್, ಭಾನುವಾರ

ಯಂತ್ರಗಳಲ್ಲಿ ಮೂರು ಬಗೆ. ಮೊದಲನೆಯದಕ್ಕೆ ಒಂದೇ ಬಾಯ್ಲರ್. ಕಾಫಿ ಇಳಿಸಲು ನೀರು ತೊಂಬತ್ಮೂರು ಡಿಗ್ರಿ ಇರಬೇಕು, ಹಾಲು ನೊರೆಯೆಬ್ಬಿಸುವ ಉಗಿಗೆ ನೂರನ್ನು ಚೆನ್ನಾಗಿ ದಾಟಬೇಕು. ಒಂದೇ ಬಾಯ್ಲರ್ ಇದ್ದರೆ ಕಾಫಿ ಇಳಿಸಿ, ಅದು ಇನ್ನಷ್ಟು ಕಾಯುವವರೆಗೆ ನಾವು ಕಾಯಬೇಕು. ಅಷ್ಟರಲ್ಲಿ ಕಾಫಿ ಆರುತ್ತದೆ. ಎರಡನೆಯದರಲ್ಲಿ ಉಗಿಯ ದೊಡ್ಡ ಬಾಯ್ಲರಿನ ಹೊಟ್ಟೆಯೊಳಗಿಂದಲೇ ಕಾಫಿ ನೀರಿನ ಕೊಳವೆ ಹಾಯುತ್ತದೆ. ಜಾಣತನವೇನೋ ಇದೆ, ಆದರೆ ಒಮ್ಮೊಮ್ಮೆ ನೀರು ಅತಿ ಬಿಸಿಯಾಗಿ ಕಾಫಿ ಸುಡುತ್ತದಂತೆ. ಮೂರನೆಯದಕ್ಕೆ ಎರಡು ಬಾಯ್ಲರ್. ಕಾಫಿಯದು ಕಾಫಿಗೆ, ಉಗಿಯದು ಉಗಿಗೆ, ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಕೂಡುಕುಟುಂಬದಲ್ಲಿ ಒಲೆ ಬೇರೆ ಮಾಡಿಕೊಂಡ ಹಾಗೆ.

ಒಬ್ಬಳು ಕುಡಿಯುವ ಕಾಫಿಗೆ ಎರಡು ಬಾಯ್ಲರ್ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಕಾಯುವುದು ಸಾಕಾಗಿದೆ, ಅಷ್ಟೇ. ಬೆಲೆ ಇಲ್ಲಿ ಬರೆಯುವುದಿಲ್ಲ. ನನ್ನದೇ ಪಗಾರ, ಆದರೂ ಬರೆಯಲು ನಾಚಿಕೆ.

ಇನ್ನೊಂದು ತೊಡಕು. ಇದಕ್ಕೆ ಗೀಸರಿಗೆ ಹಾಕುವಂಥ ದಪ್ಪ ಪ್ಲಗ್ಗು ಬೇಕು. ಅಡುಗೆಮನೆಯಲ್ಲಿ ಅದಿಲ್ಲ. ಬಚ್ಚಲಲ್ಲಿದೆ, ಮತ್ತೆ ಇರುವುದು ಅತ್ತೆಯ ಕೋಣೆಯಲ್ಲಿ ಮಾತ್ರ. ಮಾವನವರ ಆಮ್ಲಜನಕದ ಯಂತ್ರಕ್ಕೆಂದು ನಾವು ಬೇಡವೆಂದರೂ ಕೇಳದೆ ಎಲೆಕ್ಟ್ರಿಷಿಯನ್ ಅಷ್ಟು ದೊಡ್ಡದನ್ನು ಕೂರಿಸಿ ಹೋಗಿದ್ದ. ಕಾಫಿ ಯಂತ್ರವೆಂದು ತಂದಿದ್ದರೆ ಅಲ್ಲಿ ಇಡುವ ಮಾತೇ ಇರಲಿಲ್ಲ. ಈಗ ನೋಡಿದರೆ ಸುಳ್ಳಿಗೆ ಬೇಕಾದ ಜಾಗವೂ ಅದೇ. ಸುಳ್ಳಿಗೆ ಎಷ್ಟು ಬೇಗ ಮನೆ ಸಿಗುತ್ತದೆ!

೨೪ ಜೂನ್, ಮಂಗಳವಾರ

ಅವ್ವನನ್ನು ನೋಡಲು ಗೋಕಾಕಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಮೊಣಕಾಲಿಗೆ ಕಟ್ಟುವ ಶಾಖದ ಪಟ್ಟಿ ಇತ್ತು. ನಿಜವಾದದ್ದು, ಮುದುಕಿಯೊಬ್ಬಳು ಕಟ್ಟಿಕೊಂಡು ನಗುತ್ತಿರುವ ಚಿತ್ರ ಮೇಲೆ. ಅದನ್ನು ಕೊಂಡು ಹೋಗಿ 'ಇದೇ ರಿ ಅದು' ಎಂದರೆ ಎಲ್ಲ ಮುಗಿದಂತೆ. ಸುಳ್ಳೂ ಮುಗಿಯಿತು, ಮೊಣಕಾಲಿಗೂ ಆಯಿತು.

ನಿಂತು ನೋಡಿದೆ. ಅಂಗಡಿಯವನು ಏನು ಬೇಕ್ರಿ ಎಂದ. ಏನಿಲ್ಲ ಎಂದು ಬಸ್ ಹತ್ತಿದೆ. ಅದನ್ನು ಕೊಂಡರೆ ನನ್ನ ಯಂತ್ರಕ್ಕೆ ನೆಪ ಉಳಿಯುತ್ತಿರಲಿಲ್ಲ. ಹೀಗೆ ಬರೆದು ನೋಡಿದಾಗಲೇ ಇದು ಎಷ್ಟು ಕೀಳು ಎಂದು ಕಾಣುತ್ತದೆ.

೨೬ ಜೂನ್, ಗುರುವಾರ

ಆರ್ಡರ್ ಮಾಡಿದೆ. ಎರಡು ಬಾಯ್ಲರಿನದೇ. ಮುಂಬೈಯಿಂದ ಬರಬೇಕು, ತಿಂಗಳಾಗುತ್ತದಂತೆ. ಬಂದ ಮೇಲೆ ಅತ್ತೆಗೆ ಏನು ಹೇಳುವುದೆಂದು ಇನ್ನೂ ಯೋಚಿಸಿಲ್ಲ.

ಯಂತ್ರದ ಚಿತ್ರ ತೋರಿಸು ಎಂದರು ಡಿ.ಸಿ. ಮೇಡಂ. ಕಾಫಿ ಕಪ್ಪು ಕಾಣದ ಒಂದು ಚಿತ್ರ ಹುಡುಕಿ ತೋರಿಸಿದೆ. ಹೊಳೆಯುವ ಉಕ್ಕು ನೋಡಿ ಖುಷಿಯಾದರು. ಎಡಬಲಕ್ಕೆ ಎರಡು ಗಡಿಯಾರದಂಥ ಮುಳ್ಳುಗಳು ಯಾಕೆ ಎಂದು ಕೇಳಿದರು. ಎರಡು ಬಾಯ್ಲರ್ ಇವೆ ಎಂದೆ. ಎರಡು ಯಾಕೆ?

"ಮೊಣಕಾಲು ಎರಡಲ್ಲೇನ್ರಿ ಅತ್ತಿ. ಒಂದಕ್ಕ ಒಂದು."

ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಯಲ್ಲಕ್ಕ ಬಂದು ತನ್ನ ಮೊಣಕಾಲಿಗೂ ಒಂದು ಸರದಿ ಹಿಡಿದಿಟ್ಟು ಹೋದಳು.

೪ ಜುಲೈ, ಶುಕ್ರವಾರ

ಮೂರು ದಿನದಿಂದ ಬಿಡದ ಮಳೆ. ಕಾಲೇಜಿನಿಂದ ಬಂದಾಗ ಡಿ.ಸಿ. ಮೇಡಂ ಬಚ್ಚಲಿನ ಮಣೆಯ ಮೇಲೆ ಕುಳಿತೇ ಇದ್ದರು. ಏಳಲು ಆಗಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಕುಳಿತಿದ್ದರೋ. ನನ್ನನ್ನು ಕೂಗಿ ಕರೆಯಲೂ ಅವರಿಗೆ ಸಂಕೋಚ, ಎತ್ತಲು ನನಗೂ ಸಂಕೋಚ. ಕಂಕುಳಲ್ಲಿ ಕೈಹಾಕಿ ಎಬ್ಬಿಸಿದೆ. ಇಷ್ಟು ಹಗುರವಿದ್ದಾರೆಂದು ಗೊತ್ತಿರಲಿಲ್ಲ.

ಮಂಚದ ಮೇಲೆ ಕೂತು ಕೇಳಿದ್ದು ಒಂದೇ ಮಾತು. "ಆ ಮಶೀನ್ ಯಾವಾಗ ಬರತೈತಿ?"

ಅಡುಗೆಮನೆಗೆ ಹೋಗಿ ನೀರು ಕಾಯಿಸಿದೆ. ಯಲ್ಲಕ್ಕನ ಹಿತ್ತಲಿಂದ ನೋವಿಗೆ ಹಾಕುವ ಲಕ್ಕಿ ಸೊಪ್ಪು ತಂದು ಅದರಲ್ಲಿ ಹಾಕಿದೆ. ಟವೆಲ್ ಅದ್ದಿ ಹಿಂಡಿ ಅವರ ಮೊಣಕಾಲಿಗೆ ಇಟ್ಟೆ. ಹಬ್ಬಕ್ಕೆ ಪಾದ ಮುಟ್ಟಿ ನಮಸ್ಕಾರ ಮಾಡಿದ್ದು ಬಿಟ್ಟರೆ ಅವರನ್ನು ನಾನು ಮುಟ್ಟಿದ್ದು ಇಂದೇ ಮೊದಲು. ಮಶೀನ್ ಬರುವವರೆಗೆ ಇದು ಎಂದೆ. ಅತ್ತೆ ಕಣ್ಣು ಮುಚ್ಚಿಕೊಂಡರು.

ಪ್ರೀತಿಯಿಂದ ಮಾಡಿದ್ದಲ್ಲ, ಹೆದರಿಕೆಯಿಂದ. ಇದನ್ನು ಸರಿಯಾಗಿ ಬರೆದಿಡಬೇಕು.

೫ ಜುಲೈ, ಶನಿವಾರ

ಇಂದೂ ಶಾಖ ಕೊಟ್ಟೆ. ಎಡಗಾಲಿನ ಒಳಗಡೆಯೇ ಹೆಚ್ಚು ನೋವು.

೧೩ ಜುಲೈ, ಭಾನುವಾರ

ಸಂಜೆ ಶಾಖ ಕೊಡುವಾಗ ಅತ್ತೆ ತಾವೇ ಮಾತು ತೆಗೆದರು. ಮಾವ ಸೊಸೈಟಿಯ ಚೇರ್ಮನ್ ಆಗಿದ್ದ ಕಾಲದ ಮಾತು. ಬೆಳಗಾದರೆ ಕಟ್ಟೆಯ ಮೇಲೆ ಜನ. ಚಹಾ ಕುಡಿಯದೆ ಯಾರೂ ಏಳುವಂತಿಲ್ಲ. ಬೇಡ ಎಂದು ಎದ್ದರೆ ಮನೆಗೆ ಅವಮಾನ, ಇನ್ನೊಮ್ಮೆ ಎಂದರೆ ಮನೆಗೆ ಮರ್ಯಾದೆ. ಸ್ಟವ್ ಮುಂದೆ ನಿಂತೇ ದಿನ ಮುಗಿಯುತ್ತಿತ್ತಂತೆ.

"ಚಹಾದಾಗಽ ಹ್ವಾದ್ವು ಇವು ಮೊಣಕಾಲು," ಎಂದರು.

ಆ ಸ್ಟವ್ ಮುಂದೆ ಆಮೇಲೆ ನಿಂತವಳು ನಾನು. ಅವರು ಒಳಗಿನಿಂದ 'ಕೇಳಿಲ್ಲೆ, ಐದು ಕಪ್' ಎನ್ನುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು, ಇವರಿಗೇನು ಗೊತ್ತು ನಿಲ್ಲುವ ಕಷ್ಟ ಎಂದು. ನಿಮಗೆ ಯಾರಾದರೂ ಚಹಾ ಮಾಡಿಕೊಟ್ಟಿದ್ದರೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಬಾಣಂತನದಲ್ಲಿ ತವರಿನಲ್ಲಿ ಎಂದರು.

ಯಂತ್ರದ ವಿಡಿಯೊ ನೋಡದೆ ವಾರವಾಯಿತು. ಹೊತ್ತು ಸಿಗುತ್ತಿಲ್ಲ.

೨೧ ಜುಲೈ, ಸೋಮವಾರ

ಕಾಫಿ ಬೀಜ, ಅದನ್ನು ಬೀಸುವ ಪುಟ್ಟ ಕೈಗಿರಣಿ ಕಾಲೇಜಿನ ವಿಳಾಸಕ್ಕೆ ಬಂದವು. ಕಪಾಟಿನಲ್ಲಿ ಬಚ್ಚಿಟ್ಟರೆ ಸ್ಟಾಫ್ ರೂಮಿಗೆಲ್ಲ ಘಮ. ಏನ್ರಿ ಮೇಡಂ ಹೋಟೆಲ್ ತೆಗೆದಿರೇನು ಎಂದು ಎಲ್ಲರೂ ಕೇಳಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಗಲು ಹೋಗಿ ಕೆಮ್ಮಿ, ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡೆ.

ಯಂತ್ರ ಮುಂದಿನ ವಾರ ಬರುತ್ತದೆ. ಬೇಡವೆಂದು ಅಂಗಡಿಗೆ ಫೋನ್ ಮಾಡಿದೆ. ಮುಂಬೈ ಬಿಟ್ಟಾಗಿದೆ, ಇನ್ನು ಹಿಂದಕ್ಕೆ ಆಗುವುದಿಲ್ಲ ಎಂದರು. ಅತ್ತೆಗೆ ಹೇಳಿಬಿಡಬೇಕೆಂದು ಸಂಜೆ ಕೋಣೆಗೆ ಹೋದೆ. ಅವರು ದಪ್ಪ ಪ್ಲಗ್ಗಿನ ಕೆಳಗಿದ್ದ ಮಾವನವರ ಟ್ರಂಕನ್ನು ಸರಿಸಿ, ಹಳೆಯ ಟೇಬಲ್ ಇಡಿಸಿ, ಅದರ ಮೇಲೆ ತಮ್ಮ ಹಳೆಯ ಇಳಕಲ್ ಸೀರೆಯ ತುಂಡನ್ನು ಹಾಸಿದ್ದರು. ನಾಳೆ ಹೇಳೋಣವೆಂದು ಬಂದುಬಿಟ್ಟೆ.

೨೮ ಜುಲೈ, ಸೋಮವಾರ, ನಾಗಚೌತಿ

ಬರೆಯಲೇಬೇಕು. ಬರೆಯದಿದ್ದರೆ ನಾಳೆ ಇದನ್ನು ಬೇರೆ ರೀತಿಯಲ್ಲಿ ನೆನಪಿಟ್ಟುಕೊಳ್ಳುತ್ತೇನೆ.

ನಾದಿನಿ ಸುವರ್ಣಾ ಮೂಡಲಗಿಯಿಂದ ಪಂಚಮಿಗೆ ತವರಿಗೆ ಬಂದಿದ್ದಾಳೆ. ನಾವು ಉಂಡಿ ಕಟ್ಟುವಂತಿಲ್ಲವಲ್ಲ, ಅವಳೇ ಶೇಂಗಾ ಉಂಡಿ, ತಂಬಿಟ್ಟಿನ ಉಂಡಿ ಡಬ್ಬಿಗಟ್ಟಲೆ ತಂದಿದ್ದಾಳೆ. ನಾಗಪ್ಪನಿಗೆ ಹಾಲೆರೆದು ಬಂದ ಯಲ್ಲಕ್ಕ ಮತ್ತು ಓಣಿಯ ಹೆಂಗಸರು ಅವಳನ್ನು ಮಾತಾಡಿಸಲು ಕೂತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಗಾಡಿ ಬಂತು. ಇಬ್ಬರು ಹೊತ್ತು ತಂದು ಅತ್ತೆಯ ಕೋಣೆಯಲ್ಲಿ ಟೇಬಲ್ ಮೇಲೆ ಇಟ್ಟರು. ಹೆಂಗಸರೆಲ್ಲ ಹಿಂದೆಯೇ ಬಂದರು. ನಾನು ಬಾಗಿಲಲ್ಲಿ ನಿಂತೆ.

ಅತ್ತೆ ಮಂಚದ ಮೇಲೆ ಕುಳಿತು ಎರಡೂ ಕಾಲು ಮುಂದೆ ಚಾಚಿದರು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎಳೆದುಕೊಂಡರು, ಎಲ್ಲರ ಮುಂದೆ. ಪಾದ ಕಂಡರೂ ಸೀರೆ ಸರಿಮಾಡಿಕೊಳ್ಳುವ ಹೆಂಗಸು. ಯಂತ್ರಕ್ಕೆ ತೋರಿಸಲು ತಯಾರಾಗಿ ಕುಳಿತಿದ್ದರು.

ಸುವರ್ಣಾ ರಟ್ಟು ಬಿಚ್ಚಿದಳು. ಹಿಡಿಕೆ ಇರುವ ಜರಡಿಯಂಥದ್ದು ಬಂತು, ಹಾಲಿನ ಉಕ್ಕಿನ ಲೋಟ ಬಂತು, ಕೊನೆಗೆ ಪುಸ್ತಕ ಬಂತು. ಪುಸ್ತಕದ ಮೇಲೆ ಹೊಗೆಯಾಡುವ ಕಾಫಿ ಕಪ್ಪಿನ ಚಿತ್ರ. ಅವಳು ಬಿ.ಎ. ಓದಿದವಳು.

"ವೈನಿ, ಇದು ಕಾಫಿ ಮಾಡೂ ಮಶೀನ್ ಐತಲ್ರಿ. ಮೊಣಕಾಲಿಂದು ಎಲ್ಲೈತಿ?"

ಅತ್ತೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ನಿಧಾನವಾಗಿ ಸೀರೆಯನ್ನು ಮೊದಲು ಒಂದು ಮೊಣಕಾಲಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ಎಳೆದುಕೊಂಡರು. ಆ ಕೈಗಳನ್ನು ನಾನು ಸಾಯುವವರೆಗೆ ಮರೆಯಲಾರೆ.

ಆಮೇಲೆ ಅತ್ತೆ ಮಗಳಿಗೆ ಹೇಳಿದರು. "ಎರಡು ಬಾಯ್ಲರ್ ಅದಾವು ಅದರಾಗ. ಒಂದು ನನ್ನ ಮೊಣಕಾಲಿಗೆ. ಇನ್ನೊಂದು ನಮ್ಮ ದಾನವ್ವನ ಕಾಫಿಗೆ. ದುಡಿಯಾಕಿ ಆಕಿ, ಕುಡೀಲಿ."

ಯಲ್ಲಕ್ಕ ಸುಮ್ಮನಿರುವವಳೇ? ಎರಡು ಮೊಣಕಾಲಿಗೆ ಎರಡು ಎಂದು ನೀನೇ ಹೇಳಿದ್ದೆಯಲ್ಲ ಎಂದಳು.

"ನಾನಽ ತಪ್ಪು ತಿಳಕೊಂಡಿದ್ದೆ," ಎಂದರು ಅತ್ತೆ.

ನನ್ನ ಅತ್ತೆ ತಪ್ಪು ಒಪ್ಪಿಕೊಂಡದ್ದನ್ನು ಈ ಮನೆಯ ಗೋಡೆಗಳೂ ಕೇಳಿರಲಿಲ್ಲ. ಮಾಡದ ತಪ್ಪನ್ನು, ಓಣಿಯ ಮುಂದೆ, ನನಗಾಗಿ ಒಪ್ಪಿಕೊಂಡರು. ನನ್ನ ಹೆಸರು ಹಿಡಿದದ್ದೂ ಆಗಲೇ.

೨೯ ಜುಲೈ, ಪಂಚಮಿ

ಸಂಜೆ ಬಿಸಿನೀರು, ಲಕ್ಕಿ ಸೊಪ್ಪು, ಟವೆಲ್ ಒಯ್ದೆ. "ಇವತ್ತ ಬ್ಯಾಡ," ಎಂದು ಗೋಡೆ ಕಡೆ ತಿರುಗಿದರು.

೩೦ ಜುಲೈ, ಬುಧವಾರ

ಬ್ಯಾಡ ಎಂದರು. ಸುವರ್ಣಾ ಊರಿಗೆ ಹೋದಳು. ಹೋಗುವಾಗ ನನ್ನ ಕೈಯಲ್ಲಿ ಉಂಡಿಯ ಡಬ್ಬಿ ಕೊಟ್ಟಳು, ಮುಖ ನೋಡಲಿಲ್ಲ.

೧ ಆಗಸ್ಟ್, ಶುಕ್ರವಾರ

ಬ್ಯಾಡ.

೩ ಆಗಸ್ಟ್, ಭಾನುವಾರ

ಇಂದು ಟವೆಲ್ ಒಯ್ಯಲಿಲ್ಲ. ಬರಿಗೈಯಲ್ಲಿ ಹೋಗಿ ಮಂಚದ ಕೆಳಗೆ ನೆಲದ ಮೇಲೆ ಕುಳಿತೆ. ಎಲ್ಲ ಹೇಳಿದೆ. ಬೆಳಗಾವಿಯ ಅಂಗಡಿ, ಕಪ್ಪು ತಂದಿಡುವ ಹುಡುಗಿ, ಮೊಬೈಲಿನ ಉಗಿ. ಗೋಕಾಕಿನ ಗಾಜಿನ ಕಪಾಟಿನಲ್ಲಿದ್ದ ಪಟ್ಟಿಯನ್ನು ನೋಡಿಯೂ ಕೊಳ್ಳದೆ ಬಂದದ್ದನ್ನೂ ಹೇಳಿದೆ. ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನಾಚಿಕೆಯಿಂದ ಸತ್ತು ಹೋಗುವಂತಾಗಿದೆ ಎಂದೆ.

ಅತ್ತೆ ಕೆಳದನಿಯಲ್ಲಿ ಹೇಳಿದರು.

"ಸುಳ್ಳ ಹೇಳಿದಿ ಅಂತ ಸಿಟ್ಟಿಲ್ಲ ನನಗ. ಒಂದು ಕಪ್ ಕಾಫಿ ಬೇಕಾಗೈತ್ರಿ ಅತ್ತಿ ಅಂತ ನನ್ನ ಮುಂದ ಹೇಳಾಕ ಅಂಜಿದಿಯಲ್ಲ, ಅದಕ್ಕ. ಇಪ್ಪತ್ತು ವರ್ಷ ಒಂದಽ ಒಲಿ ಮುಂದ ನಿಂತೇವಿ. ಅಷ್ಟು ಕೆಟ್ಟಾಕಿ ಆಗಿದ್ದೆನೇನು ನಾ?"

ಇಲ್ಲ ಎನ್ನಬೇಕಿತ್ತು. ಹೌದು ಎನ್ನುವುದೇ ನಿಜವಾಗಿತ್ತು, ಇನ್ನೊಂದು ಸುಳ್ಳು ಹೇಳಲು ಧೈರ್ಯವಿರಲಿಲ್ಲ. ತಲೆ ತಗ್ಗಿಸಿ ಕುಳಿತೆ. ಅತ್ತೆ ಕಣ್ಣೊರೆಸಿಕೊಂಡರು. ಇಂದು ಈ ಮನೆಯಲ್ಲಿ ನಾಚಿಕೊಂಡವಳು ನಾನೊಬ್ಬಳೇ ಅಲ್ಲ, ಅದು ಇನ್ನೂ ಹೆಚ್ಚು ಚುಚ್ಚುತ್ತದೆ.

ನಾನು ಏಳುವಾಗ ಹಿಂದಿನಿಂದ ಮಾತು ಬಂತು. "ಕೇಳಿಲ್ಲೆ. ವರ್ಷ ತುಂಬೂತನಕ ಕಾಫಿ ಬಾಜೂ ಮುಟ್ಟಬ್ಯಾಡ. ಉಗಿ ಬಾಜೂಕ ಅಡ್ಡಿಲ್ಲ, ಅದು ಔಷಧಿ."

೪ ಆಗಸ್ಟ್, ಸೋಮವಾರ

ಯಂತ್ರ ಹಚ್ಚಿದೆ. ಹುಕ್ಕೇರಿಯ ಬೋರಿನ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ, ಶುದ್ಧ ನೀರಿನ ಕ್ಯಾನಿನಿಂದ ತುಂಬಿದೆ. ಸ್ಟೀಲ್ ಪಾತ್ರೆಯಲ್ಲಿ ಒದ್ದೆ ಟವೆಲ್ ಇಟ್ಟು ಉಗಿಯ ಕೊಳವೆಯನ್ನು ಅದರೊಳಗೆ ಹಿಡಿದೆ. ಬುಸ್ಸೆಂದ ಸದ್ದಿಗೆ ಅತ್ತೆ 'ಶಿವಶಿವಾ' ಎಂದರು. ಟವೆಲ್ ಕಾದು ಕೆಂಡವಾಯಿತು. ಮೊದಲು ನನ್ನ ಮುಂಗೈಗೆ ಮುಟ್ಟಿಸಿ ನೋಡಿ, ತಡೆಯುವಷ್ಟು ಆರಿದ ಮೇಲೆ ಅವರಿಗೆ ಇಟ್ಟೆ. ಅವಸರದಲ್ಲಿ ಕೊಳವೆ ತಾಗಿ ಬೆರಳು ಸುಟ್ಟಿತು. ಮಾಡಿದ್ದುಣ್ಣೋ ಮಹಾರಾಯ.

ಒಲೆಯ ಬಿಸಿನೀರಿಗಿಂತ ಇದು ಒಳ್ಳೆಯದು ಎಂದರು. ಖರೆಯೋ, ನನ್ನ ಸಮಾಧಾನಕ್ಕೋ, ಕೇಳಲಿಲ್ಲ.

೨೦ ಸೆಪ್ಟೆಂ‌ಬರ್, ಶನಿವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಕಾಲೇಜು, ಪರೀಕ್ಷೆ, ಸಂಜೆ ಶಾಖ. ವಾರಕ್ಕೊಮ್ಮೆ ಯಲ್ಲಕ್ಕನ ಸರದಿ. ಮೊನ್ನೆ ಮೇಲವಂಕಿಯಿಂದ ಅವಳ ಬೀಗಿತಿ ಭುಜ ಹಿಡಿದುಕೊಂಡು ಬಂದಿದ್ದಳು. ಮೊಣಕಾಲಿನ ಯಂತ್ರ ಭುಜಕ್ಕೆ ನಡೆಯುತ್ತದೆಯೇ ಎಂದು ಅವಳಿಗೆ ಅನುಮಾನ. ನಡೆಯುತ್ತದೆ ಎಂದು ಅತ್ತೆಯೇ ಹೇಳಿದರು, ದೊಡ್ಡ ಡಾಕ್ಟರರ ಹಾಗೆ. ಕಾಫಿ ಕಡೆಯ ಬಾಯ್ಲರ್ ದಿನಾ ತನ್ನ ಪಾಡಿಗೆ ತೊಂಬತ್ಮೂರಕ್ಕೆ ಕಾದು ನಿಂತಿರುತ್ತದೆ. ಅದರ ಮೇಲೆ ಒಣ ಟವೆಲ್ ಇಡುತ್ತೇನೆ, ಬೆಚ್ಚಗಿರುತ್ತದೆ.

ಅತ್ತೆ ಈಗ ಬಚ್ಚಲಿನ ಮಣೆಯಿಂದ ಗೋಡೆ ಹಿಡಿದು ತಾವೇ ಏಳುತ್ತಾರೆ. ಎಡಗಾಲು ಇನ್ನೂ ತಕರಾರು.

೧೬ ನವೆಂಬರ್, ಭಾನುವಾರ

ಮಾವನವರ ವರ್ಷದ ಪುಣ್ಯಸ್ಮರಣೆ ಮುಗಿಯಿತು. ಸ್ವಾಮಿಗಳ ಪೂಜೆ, ಊಟ, ಬಂದವರಿಗೆಲ್ಲ ಚಹಾ. ಸಂಜೆ ಯಜಮಾನರು ಸುವರ್ಣಾಳನ್ನು ಮೂಡಲಗಿ ಬಸ್ಸಿಗೆ ಬಿಡಲು ಹೋದರು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ದಿನವೆಲ್ಲ ಪಂಕ್ತಿಯ ಮುಂದೆ ಓಡಾಡಿ ಅತ್ತೆಯ ಕಾಲು ಊದಿದ್ದವು. ಟವೆಲ್ ಒದ್ದೆ ಮಾಡಿ ಉಗಿ ಹಿಡಿದು ಪಾತ್ರೆಯಲ್ಲಿ ಆರಲು ಇಟ್ಟಿದ್ದೆ.

"ಇವತ್ತ ಆ ಬಾಜೂನೂ ಹಚ್ಚು," ಎಂದರು.

"ಯಾವ ಬಾಜೂರಿ?" ಎಂದೆ. ನಿಜವಾಗಿಯೂ ಹೊಳೆಯಲಿಲ್ಲ.

"ವರ್ಷ ತುಂಬಿತಲ್ಲ. ನಿನ್ನ ಕಾಫಿ."

ಬೀಜದ ಡಬ್ಬಿ ಜುಲೈನಿಂದ ಕಾಲೇಜಿನ ಕೈಚೀಲದಲ್ಲೇ ಇತ್ತು, ಜೊತೆಗೆ ತಿರುವುವ ಪುಟ್ಟ ಗಿರಣಿ. ಬೀಸಿದೆ. ಒಂದು ಕಡೆ ಕಾಫಿ ಇಳಿಯುತ್ತಿದ್ದಂತೆ ಇನ್ನೊಂದು ಕಡೆ ಹಾಲು ನೊರೆಯೆದ್ದಿತು. ಯಂತ್ರ ಬಂದಾಗಿನಿಂದ ಎರಡೂ ಬಾಯ್ಲರ್ ಕೂಡಿ ಕೆಲಸ ಮಾಡಿದ್ದು ಇದೇ ಮೊದಲು. ಕಪ್ಪನ್ನು ಬಸಿಯಲ್ಲಿಟ್ಟು ಕೈಗೆತ್ತಿಕೊಳ್ಳಲು ಹೋದೆ.

"ಬಿಡು ಅದನ್ನ. ನೀ ಇಲ್ಲೆ ಬಂದು ಕುಂದ್ರು."

ನನ್ನನ್ನು ಮಂಚದ ಮೇಲೆ ಕೂರಿಸಿ ಅತ್ತೆ ಎದ್ದರು. ಗೋಡೆ ಹಿಡಿದು ಟೇಬಲ್ಲಿನವರೆಗೆ ಹೋದರು. ಎರಡೂ ಕೈಯಲ್ಲಿ ಬಸಿ ಹಿಡಿದು, ಗೋಡೆ ಬಿಟ್ಟು, ಕೋಣೆ ದಾಟಿ ಬಂದರು. ನಾನು ಏಳಲು ಹೋದರೆ ಕಣ್ಣಿನಲ್ಲೇ ಕೂರಿಸಿದರು. ನಡೆಯುವಾಗ ಅರ್ಧ ಬಸಿಯೊಳಗೆ ಚೆಲ್ಲಿತು.

"ತಗೋ ದಾನವ್ವ," ಎಂದು ಕಪ್ಪನ್ನು ನನ್ನ ಮುಂದೆ ಹಿಡಿದರು.

ಕಪ್ಪು ನಾನು ತೆಗೆದುಕೊಂಡೆ, ಬಸಿ ಅವರ ಕೈಯಲ್ಲೇ ಉಳಿಯಿತು. ನನ್ನ ಪಕ್ಕದಲ್ಲಿ ಕುಳಿತು ಚೆಲ್ಲಿದ್ದನ್ನು ಸುರ್ರೆಂದು ಕುಡಿದು ಮುಖ ಕಿವುಚಿದರು. ತಪ್ಪು ಅವರದಲ್ಲ. ಬೀಜ ನಾಲ್ಕು ತಿಂಗಳು ಹಳತು, ಕಾಫಿ ಕಹಿಯಾಗಿ ಕಟ್ಟಿಗೆಯ ಹಾಗಿತ್ತು. ಬೆಳಗಾವಿಯ ಆ ಅಂಗಡಿಯವರು ಚೆಲ್ಲಿಬಿಡುತ್ತಿದ್ದರು.

"ಹೆಂಗೈತಿ?" ಎಂದು ಕೇಳಿದರು.

"ಚಲೋ ಐತ್ರಿ ಅತ್ತಿ."

"ಮತ್ತ ಸುಳ್ಳು," ಎಂದರು.

ಕಪ್ಪಿನಲ್ಲಿದ್ದದ್ದನ್ನೆಲ್ಲ ಕುಡಿದೆ. ಯಾಕೋ ಕಣ್ಣು ತುಂಬಿ ಬಂತು, ನಾಚಿಕೆಯಾಗಿ ಮುಖ ಆ ಕಡೆ ತಿರುಗಿಸಿದೆ. ಅಷ್ಟರಲ್ಲಿ ಪಾತ್ರೆಯಲ್ಲಿದ್ದ ಟವೆಲ್ ಪೂರ್ತಿ ಆರಿಹೋಗಿತ್ತು. ಎದ್ದು ಮತ್ತೆ ಉಗಿ ಹಿಡಿದೆ. ಮೊದಲು ಎಡಗಾಲು, ಆಮೇಲೆ ಬಲಗಾಲು.